ಟಿಲ್ಲರ್ ಲೈನರ್ ಉಳಿಸೋಕೆ ಯಾವ ಖರ್ಚು ಮೊದಲು?

ಕಳೆನಾಶಕ ಹೊಡೆಯದ ನಮ್ಮಂಥವರಿಗೆ ಪವರ್ ಟಿಲ್ಲರ್ ಓಡಿಸೋದೇ ಜಾಸ್ತಿ. ಕಳೆದ ಬೇಸಿಗೆಯಲ್ಲಿ ನನ್ನದು ನೀಲಿ ಹೊಗೆ ಉಗುಳೋಕೆ ಶುರು ಮಾಡ್ತು. ಬಿಚ್ಚಿಸಿದರೆ ಲೈನರ್ ತುಂಬಾ ಗೀರು. ಲೈನರ್, ಪಿಸ್ಟನ್, ರಿಂಗು, ಕೂಲಿ ಸೇರಿ 9,000 ಚಿಲ್ಲರೆ ಹೋಯ್ತು. ಕಾರಣ, ಏರ್ ಕ್ಲೀನರ್ ಪೈಪಿನ ಸಡಿಲ ಕ್ಲಿಪ್ಪು. ಅದರ ಬೆಲೆ 40 ರೂಪಾಯಿ! ಆ ಸಂದಿಯಿಂದ ಧೂಳು ನೇರ ಸಿಲಿಂಡರಿಗೆ.

ಅದಕ್ಕೇ ಮೊದಲ ದುಡ್ಡು ಗಾಳಿ ದಾರಿಗೆ ಹಾಕಿ. ಒಣ ಮಣ್ಣಲ್ಲಿ ಉಳುವಾಗ ಆಯಿಲ್ ಬಾತ್ ಬಟ್ಟಲನ್ನು ದಿನಾ ನೋಡಿ; ತಳದಲ್ಲಿ ಕೆಸರಿದ್ದರೆ ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ತುಂಬಿ. ನನಗೆ 150 ರೂಪಾಯಿಯೊಳಗೆ ಮುಗಿಯುತ್ತೆ. ಆಮೇಲೆ ಎಂಜಿನ್ ಆಯಿಲ್: ಸುಮಾರು 900. ಕೈಪಿಡಿ ಹೇಳಿದ ಗ್ರೇಡನ್ನೇ, ಹೇಳಿದ ಗಂಟೆಗೆ ಬದಲಿಸಿ. ಅಂಗಡಿಯವರು ತೋರಿಸೋ ‘ಸವೆತ ತಡೆಯುವ’ ಬಾಟಲಿಗೆ 450. ಧೂಳು ಒಳಗೆ ಬರ್ತಿದ್ದರೆ ಅದು ದಂಡ. ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಟ್ಟು ಲೋಡ್ ಕೊಡೋಕಂತೂ ಕಾಸೇ ಬೇಡ.