ಜಗಳದ ಮರ್ಯಾದೆ

ನವಲಗುಂದದ ಕಡೆಯ ಹಳ್ಳಿಯೊಂದರಲ್ಲಿ ಎದುರಾದವರು ‘ಊಟಾ ಆತೇನ್ರಿ?’ ಎಂದು ಕೇಳಿದರೆ, ಕೇಳಿದವರಿಗೆ ನಮ್ಮ ಉದರದ ಸ್ಥಿತಿಗತಿಯಲ್ಲಿ ವಿಶೇಷವಾದ ಆಸಕ್ತಿಯುಂಟೆಂದು ಯಾರೂ ತಿಳಿಯುವುದಿಲ್ಲ. ಹೊರಟು ನಿಂತವನು ‘ಬರ್ತೇನ್ರಿ’ ಎಂದುದಕ್ಕೆ ಅವನ ದಾರಿ ಕಾಯುತ್ತ ಕೂಡುವವರಿಲ್ಲ. ‘ಚಾ ಬ್ಯಾಡ್ರಿ’ ಎಂದ ಅತಿಥಿಯ ಮಾತನ್ನು ನಂಬಿ ಒಲೆ ಆರಿಸುವ ಗೃಹಿಣಿಯೂ ಇಲ್ಲ, ಏಕೆಂದರೆ ಮೂರನೆಯ ಸಲದ ‘ಬ್ಯಾಡ’ವೊಂದೇ ನಿಜವಾದ ಬೇಡವೆಂಬುದು ಆಕೆಗೆ ಗೊತ್ತು. ಯಾವ ಶಾಲೆಯಲ್ಲಿಯೂ ಪಾಠವಾಗದ, ಯಾವ ಗ್ರಂಥದಲ್ಲಿಯೂ ಬರೆದಿಡದ ಈ ವ್ಯಾಕರಣವನ್ನು ನಾವೆಲ್ಲ ಗಾಳಿಯಿಂದಲೇ ಕಲಿತೆವೆಂಬಂತೆ ವರ್ತಿಸುತ್ತೇವೆ. ಆದರೆ ಗಾಳಿಯಿಂದ ಇದನ್ನು ಕಲಿಯಲಾರದ ಮಕ್ಕಳೂ ಇದ್ದಾರೆ. ‘ಅಪ್ಪ ಮನ್ಯಾಗ ಅದಾನೇನೋ?’ ಎಂದು ಬಾಗಿಲಲ್ಲಿ ನಿಂತು ಕೇಳಿದವರಿಗೆ ‘ಅದಾನ’ ಎಂದಷ್ಟೇ ಹೇಳಿ ತನ್ನ ಆಟಕ್ಕೆ ಮರಳುವ ಹುಡುಗನನ್ನು ನಾವು ಉದ್ಧಟನೆನ್ನುತ್ತೇವೆ. ಅವನು ಕೇಳಿದ ಪ್ರಶ್ನೆಗೆ ಸತ್ಯವಾದ ಉತ್ತರವನ್ನೇ ಕೊಟ್ಟಿದ್ದಾನೆ. ಕೇಳದೆ ಉಳಿದ ಪ್ರಶ್ನೆಗೆ ಉತ್ತರ ಕೊಡಲಿಲ್ಲವೆಂಬುದೊಂದೇ ಅವನ ಅಪರಾಧ.

ಇಂಥ ಮನೋರಚನೆಯೊಂದಕ್ಕೆ ವೈದ್ಯರು ಆಟಿಸಂ ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಅದು ಸ್ವಲೀನತೆಯಾಯಿತು. 1911ರಲ್ಲಿ ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ ಎಂಬ ಮನೋವೈದ್ಯನು ಬೇರೊಂದು ವ್ಯಾಧಿಯ ವರ್ಣನೆಗಾಗಿ ಬಳಸಿದ್ದ ಶಬ್ದವನ್ನು 1943ರಲ್ಲಿ ಅಮೆರಿಕದ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತಕ್ಕೂ, ಮರುವರ್ಷ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ತಾನು ಕಂಡ ಬಾಲಕರಿಗೂ ಅನ್ವಯಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 127 ಜನರಲ್ಲಿ ಒಬ್ಬರು ಈ ಬಗೆಯವರು. ಕೆಲವರಿಗೆ ಮಾತೇ ಬರುವುದಿಲ್ಲ, ಕೆಲವರಿಗೆ ಮಾತು ನಿಲ್ಲುವುದಿಲ್ಲ. ಕೆಲವರಿಗೆ ಕುಕ್ಕರಿನ ಸೀಟಿ ಅಸಹ್ಯವಾದ ನೋವು, ಕೆಲವರಿಗೆ ಗಿರಗಿರ ತಿರುಗುವ ಚಕ್ರ ಅನಿರ್ವಚನೀಯವಾದ ಆನಂದ. ನಮ್ಮ ಧಾರವಾಡ ಜಿಲ್ಲೆಯ ಕಲಘಟಗಿ ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರು. ಅಂಥ ತೊಟ್ಟಿಲಲ್ಲಿ ಮಲಗಿದ ಕೂಸು ಕರೆದರೂ ತಿರುಗದೆ, ತಾಯಿಯ ಮುಖವನ್ನು ಬಿಟ್ಟು ಮೇಲೆ ಕಟ್ಟಿದ ಗಿಲಕಿಯನ್ನೇ ನೋಡುತ್ತಿದ್ದರೆ, ಅದೊಂದು ಸೂಚನೆಯಿರಬಹುದೆಂದು ತಾಯಿಗೆ ಹೇಳುವವರು ಹಳ್ಳಿಯಲ್ಲಿ ಇನ್ನೂ ವಿರಳ.

ಕಾನೂನು ಸಹ ತಡವಾಗಿಯೇ ಕಣ್ಣು ತೆರೆಯಿತು. 1995ರ ಅಂಗವಿಕಲರ ಕಾಯಿದೆಯು ಎಣಿಸಿದ್ದ ಏಳು ವೈಕಲ್ಯಗಳಲ್ಲಿ ಸ್ವಲೀನತೆ ಇರಲಿಲ್ಲ. 2016ರ ಕಾಯಿದೆಯ ಇಪ್ಪತ್ತೊಂದರಲ್ಲಿ ಅದು ಸೇರಿತು. ಈಗ ಕುಂದಗೋಳದ ತಾಯಿಯೊಬ್ಬಳು ಧಾರವಾಡದವರೆಗೆ ಅಲೆದು, ನಲವತ್ತು ಅಂಶಗಳುಳ್ಳ ಭಾರತೀಯ ಮಾಪನದಲ್ಲಿ ಮಗನಿಗೆ ಎಪ್ಪತ್ತರ ಮೇಲೆ ಅಂಕ ಬಂದಿತೆಂಬ ಪ್ರಮಾಣಪತ್ರವನ್ನು ಪಡೆದು, ಸಾಯಂಕಾಲದ ಬಸ್ಸಿನಲ್ಲಿ ಹಿಂದಿರುಗುವಾಗ, ಆ ಅಂಕದ ಅರ್ಥವೇನೆಂದು ಕೇಳಲು ಓಣಿಯಲ್ಲಿ ಯಾರೂ ಇಲ್ಲದಿರಲು, ಕೈಯಲ್ಲಿರುವ ಮೊಬೈಲನ್ನೇ ಕೇಳುತ್ತಾಳೆ. ಅಲ್ಲಿ ಅವಳಿಗೆ ಜನ ಸಿಗುತ್ತಾರೆ, ಜನದೊಂದಿಗೆ ಜಗಳವೂ ಸಿಗುತ್ತದೆ.

ಜಗಳದ ಮಾತಿಗೆ ಮುನ್ನ ಕೂಟದ ಮಾತು. ಸ್ವಲೀನರು ತಮ್ಮಲ್ಲಿಯೇ ಲೀನರಾದವರು, ಸಂಗವನ್ನು ಒಲ್ಲದವರು ಎಂಬ ನಂಬಿಕೆಯನ್ನು ಹೆಸರೇ ಹುಟ್ಟಿಸುತ್ತದೆ. ಇತಿಹಾಸವಾದರೋ ಅದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ನುಡಿಯುತ್ತದೆ. 1992ರಲ್ಲಿ ಅಮೆರಿಕದ ಜಿಮ್ ಸಿಂಕ್ಲೇರ್ ಮೊದಲಾದ ಕೆಲವರು, ತಾವೇ ಸ್ವಲೀನರಾದವರು, ಪರಸ್ಪರ ಪತ್ರವ್ಯವಹಾರದಿಂದ ಆರಂಭಿಸಿ ತಮ್ಮದೊಂದು ಸಂಘವನ್ನು ಕಟ್ಟಿದರು. ಮುಖ ನೋಡಬೇಕಿಲ್ಲ, ದನಿಯ ಏರಿಳಿತವನ್ನು ಅಳೆಯಬೇಕಿಲ್ಲ, ಉತ್ತರಕ್ಕೆ ಬೇಕಾದಷ್ಟು ವೇಳೆ ತೆಗೆದುಕೊಳ್ಳಬಹುದು. ಹೀಗಾಗಿ ಅಂತರ್ಜಾಲದ ಬರೆಹವು ಬಂದಾಗ, ಕಿವುಡರಿಗೆ ಕೈಸನ್ನೆಯ ಭಾಷೆ ದೊರೆತಂತೆ, ಇವರಿಗೆ ಅದೊಂದು ತವರಾಯಿತು. ಸಿಂಕ್ಲೇರ್ 1993ರಲ್ಲಿ ಟೊರಾಂಟೊದ ಸಮ್ಮೇಳನದಲ್ಲಿ ತಂದೆತಾಯಿಗಳನ್ನು ಉದ್ದೇಶಿಸಿ, ನಮಗಾಗಿ ಶೋಕಿಸಬೇಡಿರಿ ಎಂಬ ಅರ್ಥದ ಭಾಷಣ ಮಾಡಿದುದರಲ್ಲಿ ಇಂದಿನ ಅನೇಕ ವಾಗ್ಯುದ್ಧಗಳ ಬೀಜವಿದೆ. ನೀವು ಬಯಸಿದ್ದ ಮಗು ಬರಲಿಲ್ಲವೆಂದು ಅಳುತ್ತೀರಲ್ಲ, ಬಂದ ಮಗು ಇಲ್ಲಿಯೇ ಕುಳಿತು ಅದನ್ನು ಕೇಳುತ್ತಿದೆಯಲ್ಲ ಎಂಬುದು ಆ ವಾದದ ತಿರುಳು.

ಇದಕ್ಕೆ ನಮ್ಮ ಕಡೆಯ ತಾಯಿ ಏನೆಂದಾಳು? ‘ನಿಮಗ ಬರಿಯಾಕ ಬರತೈತಿ, ವಾದಾ ಮಾಡಾಕ ಬರತೈತಿ, ನನ್ನ ಮಗಗ ನೀರು ಬೇಕಂತ ಕೇಳಾಕೂ ಬರೂದಿಲ್ಲ’ ಎಂದಾಳು. ಎರಡೂ ಮಾತುಗಳು ನಿಜ; ಆ ಕಾರಣದಿಂದಲೇ ಜಗಳ ತೀರುವುದಿಲ್ಲ. ಸುಳ್ಳಿಗೂ ನಿಜಕ್ಕೂ ನಡೆಯುವ ಜಗಳ ಒಂದು ದಿನ ಮುಗಿಯುತ್ತದೆ. ಎರಡು ನಿಜಗಳ ನಡುವಿನದು ವಂಶಪಾರಂಪರ್ಯವಾಗಿ ಸಾಗುತ್ತದೆ, ಬದುವಿನ ವ್ಯಾಜ್ಯದ ಹಾಗೆ. ಇದರ ಮಧ್ಯದಲ್ಲಿ ನಮ್ಮ ರಾಜ್ಯದ ಒಂದು ಜೀವವೂ ನಿಂತಿದೆ. ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯವನ್ನು ಕಳೆದ ಟಿಟೊ ರಾಜರ್ಷಿ ಮುಖೋಪಾಧ್ಯಾಯ, ಮಾತು ಬಹುತೇಕ ಬಾರದ ಸ್ವಲೀನ ಬಾಲಕ, ತಾಯಿ ಸೋಮಾ ಕಲಿಸಿದ ಅಕ್ಷರಗಳಿಂದ ಬರೆದ ಪುಸ್ತಕವು 2000ದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ಮುಂದೆ ಅಮೆರಿಕದಲ್ಲಿ ಆ ತಾಯಿ ಬೇರೆ ಮಕ್ಕಳಿಗೂ ತನ್ನ ವಿಧಾನವನ್ನು ಕಲಿಸತೊಡಗಲು, ಮಗು ಮುಟ್ಟಿ ತೋರಿಸುವ ಅಕ್ಷರಗಳ ಹಲಗೆಯನ್ನು ಹಿಡಿದವರ ಪ್ರಭಾವದಿಂದಲೇ ಅಕ್ಷರ ಮೂಡುತ್ತಿರಬಹುದೆಂಬ ಶಂಕೆಯೆದ್ದು, 2018ರಲ್ಲಿ ಅಲ್ಲಿಯ ವಾಕ್ ಮತ್ತು ಶ್ರವಣ ತಜ್ಞರ ಸಂಘವು ಆ ವಿಧಾನವನ್ನು ಬಳಸಬಾರದೆಂದು ಸಾರಿತು. ವಿಧಾನದ ಬಗ್ಗೆ ತಜ್ಞರ ಎಚ್ಚರಿಕೆ ನನಗೆ ಉಚಿತವಾಗಿಯೇ ತೋರುತ್ತದೆ. ಆದರೂ ಮೌನಿಯಾದ ಮಗುವಿನ ಒಳಗೆ ಮಾತಿದೆಯೊ ಇಲ್ಲವೊ ಎಂಬ ಪ್ರಶ್ನೆಯ ಮೇಲೆ ಸಮಾಧಾನದ ದನಿಯಲ್ಲಿ ವಾದಿಸಿರೆಂದು ಯಾವ ತಾಯಿಗೆ ಹೇಳೋಣ!

ಹೆಸರಿನ ಜಗಳ ಇನ್ನೊಂದು. ‘ಸ್ವಲೀನ’ ಎನ್ನಬೇಕೊ, ‘ಸ್ವಲೀನತೆಯುಳ್ಳ ವ್ಯಕ್ತಿ’ ಎನ್ನಬೇಕೊ? 2016ರಲ್ಲಿ ಬ್ರಿಟನ್ನಿನಲ್ಲಿ 3,470 ಜನರನ್ನು ಕೇಳಿದಾಗ, ಸ್ವಲೀನರಾದ ವಯಸ್ಕರಲ್ಲಿ ಬಹಳ ಜನ ಮೊದಲನೆಯದನ್ನೂ, ವೃತ್ತಿನಿರತರಲ್ಲಿ ಅರ್ಧದಷ್ಟು ಜನ ಎರಡನೆಯದನ್ನೂ ಮೆಚ್ಚಿದರು. ಸರ್ವಸಮ್ಮತವಾದ ಹೆಸರು ಸಿಕ್ಕಲಿಲ್ಲ. ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಅಂಗವಿಕಲರು ವಿಕಲಚೇತನರಾಗಿ, ವಿಶೇಷಚೇತನರಾಗಿ, ದೆಹಲಿಯ ಕೃಪೆಯಿಂದ ದಿವ್ಯಾಂಗರೂ ಆದುದನ್ನು ನಾವೇ ಕಂಡಿದ್ದೇವೆ. ಇಷ್ಟು ನಾಮಕರಣಗಳಾದರೂ ತಾಲೂಕು ಕಚೇರಿಯ ಮೆಟ್ಟಿಲುಗಳು ಮೆಟ್ಟಿಲುಗಳಾಗಿಯೇ ಉಳಿದಿವೆಯೆಂಬುದು ಬೇರೆ ಮಾತು.

ಆದರೆ ಅಂತರ್ಜಾಲದ ಈ ಕೂಟಗಳಲ್ಲಿ ಮಾತು ಇಷ್ಟು ಬೇಗ ಕಾವೇರುವುದೇಕೆ? ಒಂದು ಕಾರಣವನ್ನು ಹೊಲದ ಭಾಷೆಯಲ್ಲಿ ಹೇಳಬಹುದು. ಹೆಚ್ಚಿನವರ ಗಮನವು ಹಲವು ಕಾಲುವೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹರಿಯುವ ನೀರು. ಸ್ವಲೀನರದು ಒಂದೇ ಕಾಲುವೆಯಲ್ಲಿ ತುಂಬಿ ಹರಿಯುವ ನೀರು. 2005ರಲ್ಲಿ ಡೈನಾ ಮರ್ರೆ ಮತ್ತು ಸಂಗಡಿಗರು ವಿಸ್ತಾರವಾಗಿ ಮಂಡಿಸಿದ ಸಿದ್ಧಾಂತದ ಸಾರವೂ ಸುಮಾರಾಗಿ ಇದೇ. ಅಂಥ ಪ್ರವಾಹದ ಎದುರಿಗೆ ಒಂದು ತಪ್ಪು ಇಸವಿಯನ್ನೊ, ಸಡಿಲವಾದ ಶಬ್ದವನ್ನೊ ಇಟ್ಟರೆ ಅದು ಸುತ್ತಿ ಹೋಗುವುದಿಲ್ಲ, ಒಡ್ಡನ್ನೇ ಒಡೆಯುತ್ತದೆ. ತಪ್ಪನ್ನು ತಿದ್ದುವುದೇ ಗೌರವವೆಂದು ತಿದ್ದಿದವನ ಭಾವನೆ. ತಿದ್ದಿಸಿಕೊಂಡವಳಿಗೆ ಅದು ಎಲ್ಲರೆದುರಿನ ಅವಮಾನ. ಅವಳೂ ಸ್ವಲೀನಳಾಗಿದ್ದು, ಬಾಲ್ಯದುದ್ದಕ್ಕೂ ಶಾಲೆಯಲ್ಲಿ ‘ಮಳ್ಳಿ’ ಎನ್ನಿಸಿಕೊಂಡು ಬಂದವಳಾಗಿದ್ದರೆ, ಹಳೆಯ ಗಾಯಗಳೆಲ್ಲ ಒಂದೇ ಸಲ ಬಾಯ್ದೆರೆಯುತ್ತವೆ.

ಇಲ್ಲಿ ಧಾರವಾಡದವನಾದ ನನಗೆ ಒಂದು ಅನುಕೂಲವಿದೆ. 1956ರ ಏಕೀಕರಣದ ಬಳಿಕ ಒಂದೇ ರಾಜ್ಯದವರಾದರೂ, ನಮ್ಮ ಖಡಕ್ ಮಾತು ಮೈಸೂರಿನವರಿಗೆ ಜಗಳವಾಗಿ ಕೇಳಿಸುವುದೂ, ಅವರ ನಯವಾದ ಮಾತು ನಮಗೆ ಜಾರಿಕೆಯಾಗಿ ತೋರುವುದೂ ಇನ್ನೂ ನಿಂತಿಲ್ಲ. ನಮ್ಮಲ್ಲಿ ಸೌಜನ್ಯವಿಲ್ಲವೆ? ಇದೆ, ಅವರ ಕಿವಿಗೆ ಅದರ ಲಿಪಿ ತಿಳಿಯದು. 2012ರಲ್ಲಿ ಸ್ವತಃ ಸ್ವಲೀನನಾದ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ ಇದನ್ನೇ ಶಾಸ್ತ್ರವಾಗಿ ಹೇಳಿದನು: ಪರಸ್ಪರ ಅರ್ಥವಾಗದಿರುವಿಕೆ ಉಭಯರದು, ಒಬ್ಬನ ಕೊರತೆಯಲ್ಲ. 2020ರಲ್ಲಿ ಎಡಿನ್‌ಬರೊದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 72 ಜನರನ್ನು ಎಂಟೆಂಟರ ಸಾಲುಗಳಲ್ಲಿಟ್ಟು ಕಿವಿಯಿಂದ ಕಿವಿಗೆ ಕಥೆ ದಾಟಿಸಿದಾಗ, ಸ್ವಲೀನರ ಸಾಲು ಇತರರ ಸಾಲಿಗಿಂತ ಕಡಿಮೆಯಾಗಲಿಲ್ಲ. ಮಿಶ್ರ ಸಾಲಿನಲ್ಲಿಯೇ ಕಥೆ ಹೆಚ್ಚು ಸೋರಿತು. ಹೆಚ್ಚು ಜನರನ್ನು ಕೂಡಿಸಿ 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆ ಸೋರಿಕೆಯೂ ಕಾಣಲಿಲ್ಲವೆಂಬುದನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಸ್ವಲೀನರಿಗೆ ವಿಷಯವನ್ನು ದಾಟಿಸಲು ಬಾರದೆಂಬ ಹಳೆಯ ಮಾತಂತೂ ಎರಡರಲ್ಲಿಯೂ ನಿಲ್ಲಲಿಲ್ಲ.

ಹಾಗೆಂದು ಎಲ್ಲ ಒರಟುತನವೂ ಪುಣ್ಯವಲ್ಲ. ‘ನಾನು ಇರುವುದೇ ಹೀಗೆ’ ಎಂಬುದನ್ನು ಗುರಾಣಿಯಾಗಿ ಹಿಡಿದು ಬೇಕೆಂದೇ ಚುಚ್ಚುವವರು ಎಲ್ಲ ಜಾತಿಯ ಮನಸ್ಸುಗಳಲ್ಲಿಯೂ ಇರುತ್ತಾರೆ, ಇಲ್ಲಿಯೂ ಇದ್ದಾರೆ. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು: ಮೊದಲು ದನಿ ಇಳಿಸು, ಆಮೇಲೆ ಕೇಳುತ್ತೇನೆ ಎನ್ನುವವನಿಗೆ ಕೇಳುವ ಮನಸ್ಸೇ ಇಲ್ಲದಿರಬಹುದು. ನಮ್ಮ ಸೀಮೆಯ ಗೀಗೀ ಮೇಳಗಳು ಈ ಕಗ್ಗಂಟನ್ನು ಬಹು ಹಿಂದೆಯೇ ಬಿಡಿಸಿದ್ದವು. ಹರದೇಶಿ ಹಾಗೂ ನಾಗೇಶಿ ಮೇಳಗಳು ಎದುರುಬದುರಾಗಿ ನಿಂತು, ಗಂಡು ಹೆಚ್ಚೊ ಹೆಣ್ಣು ಹೆಚ್ಚೊ, ಶಿವ ಮೇಲೊ ಶಕ್ತಿ ಮೇಲೊ ಎಂದು ಡಪ್ಪು ತುಂತುಣಿಗಳೊಡನೆ ಬೆಳಗಿನವರೆಗೆ ವಾದಿಸುವಾಗ, ಅಲ್ಲಿ ಆಡುವ ಮಾತುಗಳನ್ನು ಓಣಿಯಲ್ಲಿ ಆಡಿದರೆ ಹೊಡೆದಾಟವಾದೀತು. ಆದರೆ ಒಬ್ಬರ ಪದ ಮುಗಿಯುವವರೆಗೆ ಇನ್ನೊಬ್ಬರು ದನಿಯೆತ್ತುವುದಿಲ್ಲ. ಕೇಳಿದ ಸವಾಲಿಗೇ ಜವಾಬು ಬರಬೇಕು. ಅಲ್ಲಿ ದನಿಗೆ ಕಡಿವಾಣವಿಲ್ಲ, ಸರದಿಗಿದೆ. ಮತ್ತು ಆ ಕಟ್ಟಳೆ ಕೂಡಿದ ಮಂದಿಗೆಲ್ಲ ಗೊತ್ತಿರುತ್ತದೆ.

ಸ್ವಲೀನರ ಕೂಟವನ್ನು ನಡೆಸುವವರಿಗೆ ಬೇಕಾದುದೂ ಇಂಥ ಬಹಿರಂಗವಾದ ಕಟ್ಟಳೆಯೇ. ‘ಸಭ್ಯರಾಗಿರಿ’ ಎಂದು ಬಾಗಿಲಿಗೆ ಬರೆದರೆ, ಸಭ್ಯತೆ ಎಂದರೇನೆಂದು ಪ್ರಾಮಾಣಿಕವಾಗಿ ಕೇಳುವ ಜನರಿಗೆ ಅದು ‘ಊಟಾ ಆತೇನ್ರಿ’ಯಷ್ಟೇ ಗೂಢ. ಒಬ್ಬರ ವಾದಕ್ಕೆ ಉತ್ತರಿಸಿ, ಅವರ ಬುದ್ಧಿಗೆ ಹೆಸರಿಡಬೇಡಿ. ಸಿಟ್ಟು ಬಂದರೆ ಒಂದು ರಾತ್ರಿ ಬಿಟ್ಟು ಬರೆಯಿರಿ. ‘ಸಾಕು’ ಎಂದವರನ್ನು ಮತ್ತೆ ಕೆಣಕಬೇಡಿ ಎಂದರೆ ಅವರಲ್ಲಿ ಅನೇಕರು ನಮಗಿಂತ ನಿಷ್ಠೆಯಿಂದ ಪಾಲಿಸುವರು. ಸಿಂಕ್ಲೇರರ ಸಂಘವು 1996ರಿಂದ ವರ್ಷವರ್ಷ ನಡೆಸಿದ ಶಿಬಿರದಲ್ಲಿ ಎದೆಗೆ ಬಣ್ಣದ ಬಿಲ್ಲೆ ಸಿಕ್ಕಿಸಿಕೊಳ್ಳುವ ಪದ್ಧತಿ ಬೆಳೆದುಬಂದಿತು. ಕೆಂಪಾದರೆ ಯಾರೂ ಮಾತನಾಡಿಸಬಾರದು; ಹಳದಿಯಾದರೆ ಪರಿಚಿತರು ಮಾತ್ರ; ಹಸುರಾದರೆ, ನನಗೆ ಮಾತು ಬೇಕಾಗಿದೆ, ಆರಂಭಿಸಲು ಬಾರದು, ದಯಮಾಡಿ ನೀವೇ ಆರಂಭಿಸಿರಿ.

ಇದನ್ನು ಮೊದಲು ಓದಿದಾಗ ನನಗೆ ಇದು ಪರದೇಶದ ಅತಿನಾಗರಿಕರ ಕಲ್ಪನೆಯೆನಿಸಿತ್ತು. ಆಮೇಲೊಮ್ಮೆ ಅಣ್ಣಿಗೇರಿಯಲ್ಲಿ, ಎರೆಹೊಲದ ಬಿಸಿಗಾಳಿ ಊರೊಳಗೆ ನುಗ್ಗಿ ಬರುವ ಚೈತ್ರದ ಮಧ್ಯಾಹ್ನದಲ್ಲಿ, ಗುಡಿಯ ಕಟ್ಟೆಯ ಮೇಲೆ ಮುದುಕರೊಬ್ಬರು ಹೆಗಲ ವಲ್ಲಿಯನ್ನು ಮುಖದ ಮೇಲೆ ಹರವಿಕೊಂಡು ಮಲಗಿದ್ದರು. ನಿದ್ದೆ ಬಂದಿರಲಿಲ್ಲ, ಕಾಲ್ಬೆರಳು ಆಡುತ್ತಿದ್ದವು. ಹಾದುಹೋದ ಹತ್ತಾರು ಜನರಲ್ಲಿ ಒಬ್ಬರೂ ಅವರಿಗೆ ಊಟವಾಯಿತೆ ಎಂದು ಕೇಳಲಿಲ್ಲ.