ಭಾಮೆಯ ಮುನಿಸು ಕೇಳಿದ್ದೀರಾ?

ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ, ಮಕ್ಕಳು ಶಾಲೆಯಿಂದ ಬರುವವರೆಗಿನ ಒಂದು ತಾಸು ನಿಮ್ಮದೇ. ಧಾರಾವಾಹಿಯ ಅಳು ಸಾಕೆನಿಸಿದರೆ ಜಾನಪದ ಹಾಡು ಹಚ್ಚಿ ನೋಡಿ.

ಮೊದಲು ‘ಶ್ರೀಕೃಷ್ಣ ಪಾರಿಜಾತ’. ಈ ಆಟವನ್ನು ತಿದ್ದಿ ತೀಡಿ ಊರೂರಿಗೆ ಮುಟ್ಟಿಸಿದವರು ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣ. ಅದರಲ್ಲಿ ಹೆಸರು ಮಾಡಿದ ನಿಂಗಮ್ಮ ಅದೇ ಸೀಮೆಯ ಕೌಜಲಗಿಯವರು. ಕಥೆ ಗೊತ್ತೇ ಇದೆಯಲ್ಲ, ಕೃಷ್ಣ ಹೂವನ್ನು ರುಕ್ಮಿಣಿಗೆ ಕೊಟ್ಟ, ಭಾಮೆ ಮುನಿದಳು. ಒಂದು ಹೂವಿಗೆ ಇಷ್ಟು ರಾದ್ಧಾಂತವೇ ಅಂತ ಗಂಡಸರು ನಗಬಹುದು. ಮಾತು ಹೂವಿನದಲ್ಲ ಅಂತ ನಮಗೆ ಗೊತ್ತು! ಭಾಮೆ ಹಾಡಿ ನಿಲ್ಲಿಸಿದ್ದನ್ನು ಹಿಮ್ಮೇಳದವರು ಎತ್ತಿಕೊಂಡಾಗ, ಅವಳ ಪರ ಊರೇ ವಾದ ಮಾಡಿದಂತೆ ಕೇಳಿಸುತ್ತದೆ.

ಅಮೆರಿಕದ ಕಪ್ಪು ಹೆಣ್ಣುಮಕ್ಕಳ ಬ್ಲೂಸ್ ಹಾಡುಗಳಲ್ಲೂ ಇಂಥದೇ ಸಂಕಟ. 1923ರಲ್ಲಿ ಬೆಸ್ಸಿ ಸ್ಮಿತ್ ಹಾಡಿದ ‘ಡೌನ್‌ಹಾರ್ಟೆಡ್ ಬ್ಲೂಸ್’ ಒಮ್ಮೆ ಕೇಳಿ. ಇಂಗ್ಲಿಷ್ ಬಾರದಿದ್ದರೂ ದನಿ ತಿಳಿಯುತ್ತದೆ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಹಾಡಿ ಶಿವಮೊಗ್ಗ ಸುಬ್ಬಣ್ಣ ರಾಷ್ಟ್ರಪ್ರಶಸ್ತಿ ಪಡೆದರು. ಮನಸ್ಸು ಭಾರವಾದ ದಿನಕ್ಕೆ ಸಿ. ಅಶ್ವತ್ಥರ ದನಿಯಲ್ಲಿ ಶರೀಫರ ಪದ.

ಎಲ್ಲೂ ಸಿಗದ ಹಾಡು ಮಾತ್ರ ನಿಮ್ಮ ಮನೆಯಲ್ಲೇ ಇದೆ: ಅತ್ತೆಯವರ ಬೀಸುವ ಪದ. ‘ನನಗೇನ್ ಬರತೈತವ್ವಾ’ ಅಂತ ಕೊಸರಾಡುತ್ತಾರೆ, ಬಿಡಬೇಡಿ. ನಾಳೆ ಮಾಡಿದರಾಯಿತು ಅಂದುಕೊಂಡೇ ನಾನು ನಮ್ಮಮ್ಮನ ದನಿ ಕಳೆದುಕೊಂಡೆ. ಮೊಬೈಲ್ ಪಕ್ಕಕ್ಕಿಟ್ಟು, ಇಬ್ಬರೂ ಅಕ್ಕಿ ಆರಿಸುತ್ತ ಕೂತುಬಿಡಿ. ರೆಕಾರ್ಡ್ ಆದದ್ದನ್ನು ನಾದಿನಿಯ ಫೋನಿಗೂ ಕಳಿಸಿ.