ಕ್ಯಾನನ್ ಇಎಫ್ 24–70 ಮಿ.ಮೀ. ಎಫ್/2.8ಎಲ್ ಯುಎಸ್‌ಎಂ

ಕ್ಯಾನನ್ ಇಎಫ್ 24–70 ಮಿ.ಮೀ. ಎಫ್/2.8ಎಲ್ ಯುಎಸ್‌ಎಂ ಎಂಬುದು ಜಪಾನಿನ ಕ್ಯಾನನ್ ಸಂಸ್ಥೆಯು ತನ್ನ ಎಸ್‌ಎಲ್‌ಆರ್ ಕ್ಯಾಮೆರಾಗಳಿಗಾಗಿ 2002ರಲ್ಲಿ ಹೊರತಂದ ಸ್ಟ್ಯಾಂಡರ್ಡ್ ಝೂಮ್ ಮಸೂರ. 1993ರ 28–70 ಮಿ.ಮೀ. ಮಸೂರದ ಸ್ಥಾನಕ್ಕೆ ಬಂದ ಇದರ ಎರಡನೆಯ ಆವೃತ್ತಿಯನ್ನು 2012ರಲ್ಲಿ ಪ್ರಕಟಿಸಲಾಯಿತು. ಮದುವೆ, ಸಭೆ-ಸಮಾರಂಭ ಹಾಗೂ ಸುದ್ದಿ ಛಾಯಾಗ್ರಹಣದಲ್ಲಿ ಈ ಬಗೆಯ ಮಸೂರವು ದಿನವಿಡೀ ಕ್ಯಾಮೆರಾದಲ್ಲೇ ಉಳಿಯುತ್ತದೆ. ಆದ್ದರಿಂದ ಚಿತ್ರದ ಸ್ಪಷ್ಟತೆಯಷ್ಟೇ ಅದರ ಗಟ್ಟಿತನವೂ ಕೈಗೆ ಒಗ್ಗುವ ಗುಣವೂ ಮುಖ್ಯವಾಗುತ್ತವೆ.

ರಚನೆ

ಮಸೂರದಲ್ಲಿ 13 ಗುಂಪುಗಳಾಗಿ ಜೋಡಿಸಿದ 16 ಗಾಜುಗಳಿವೆ. ಉದ್ದ 123.5 ಮಿ.ಮೀ., ತೂಕ 950 ಗ್ರಾಂ, ಫಿಲ್ಟರಿನ ಅಳತೆ 77 ಮಿ.ಮೀ. ಕ್ಯಾಮೆರಾಕ್ಕೆ ಕೂಡುವ ಭಾಗ ಲೋಹದ್ದು. ಅದರ ಸುತ್ತಲಿನ ರಬ್ಬರ್ ಪಟ್ಟಿಯು ಧೂಳು ಮತ್ತು ತೇವವನ್ನು ತಡೆಯುತ್ತದೆ. ಇದು ತುಂತುರು ಮಳೆಗೆ ಸಾಕಾಗುವ ರಕ್ಷಣೆಯೇ ಹೊರತು ಮಸೂರ ಜಲನಿರೋಧಕವೆಂದು ಅರ್ಥವಲ್ಲ. ಕೊಳವೆ ಹಿಗ್ಗಿ ಕುಗ್ಗುವ ಯಾವ ಝೂಮ್ ಮಸೂರವೂ ಪ್ರತಿ ಬಾರಿ ಸ್ವಲ್ಪ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಗಾಳಿಯೊಂದಿಗೆ ಧೂಳೂ ಬರಬಹುದು.

ಹಿಮ್ಮುಖ ಝೂಮ್

ಈ ಮಸೂರದ ನಿಜವಾದ ವೈಶಿಷ್ಟ್ಯ ಇಲ್ಲಿದೆ. ಸಾಮಾನ್ಯ ಝೂಮ್ ಮಸೂರವು ದೂರದ ದೃಶ್ಯವನ್ನು ಹತ್ತಿರಕ್ಕೆ ತಂದಂತೆ ಉದ್ದವಾಗುತ್ತದೆ. ಇದು ಅದಕ್ಕೆ ತದ್ವಿರುದ್ಧ: ವಿಶಾಲ ನೋಟದ 24 ಮಿ.ಮೀ.ನಲ್ಲಿ ಮುಂಭಾಗ ಹೊರಚಾಚಿರುತ್ತದೆ, 70 ಮಿ.ಮೀ.ಗೆ ತಿರುಗಿಸಿದಾಗ ಒಳಸರಿಯುತ್ತದೆ. ಮುಂದಿನ ಗಾಜಿನ ಗುಂಪು ಬೆಳಕನ್ನು ಹರಡುವಂಥದ್ದಾಗಿದ್ದು, ವಿಶಾಲ ನೋಟಕ್ಕೆ ಅದು ಹಿಂದಿನ ಗುಂಪಿನಿಂದ ದೂರದಲ್ಲಿರಬೇಕಾಗುವುದೇ ಇದಕ್ಕೆ ಕಾರಣ.

ಇದರ ಪ್ರಯೋಜನ ಹುಡ್‌ನಲ್ಲಿ ಕಾಣುತ್ತದೆ. ಪಕ್ಕದಿಂದ ಬೀಳುವ ಬೆಳಕನ್ನು ತಡೆಯುವ ಹುಡ್ ಸಾಮಾನ್ಯವಾಗಿ ಚಲಿಸುವ ಕೊಳವೆಯ ತುದಿಗೆ ಅಂಟಿಕೊಂಡಿರುತ್ತದೆ. 24 ಮಿ.ಮೀ. ಚಿತ್ರದ ಮೂಲೆಗಳಲ್ಲಿ ಅಡ್ಡ ಬರಬಾರದೆಂದು ಅದನ್ನು ಗಿಡ್ಡವಾಗಿಯೇ ಮಾಡಬೇಕು. ಹಾಗಾಗಿ 70 ಮಿ.ಮೀ.ನಲ್ಲಿ ಅದರ ನೆರಳು ಸಾಲದು. ಇಲ್ಲಿ ಹುಡ್ ಚಲಿಸದ ಹೊರ ಕವಚಕ್ಕೆ ಕೂಡುತ್ತದೆ. 24ರಲ್ಲಿ ಗಾಜು ಹುಡ್‌ನ ಬಾಯಿಯ ಬಳಿಗೆ ಬರುತ್ತದೆ, 70ರಲ್ಲಿ ಬಾವಿಯ ತಳದಲ್ಲಿರುವಂತೆ ಆಳಕ್ಕೆ ಇಳಿಯುತ್ತದೆ. ಒಂದೇ ಹುಡ್ ಎಲ್ಲ ನೋಟಕ್ಕೂ ತಕ್ಕ ನೆರಳು ಕೊಡುತ್ತದೆ. ತಗಲುವ ಪೆಟ್ಟೂ ಚಲಿಸುವ ಕೊಳವೆಗೆ ನೇರವಾಗಿ ಬೀಳದು. ನಿಕಾನ್ ಸಂಸ್ಥೆಯ 2007ರ 24–70 ಮಿ.ಮೀ. ಮಸೂರದಲ್ಲೂ ಇದೇ ಉಪಾಯವಿದೆ.

ಇದಕ್ಕೆ ತೆರಬೇಕಾದ ಬೆಲೆ ಗಾತ್ರ. ಹುಡ್ ದೊಡ್ಡದು, ಚೀಲದಲ್ಲಿ ಜಾಗ ತಿನ್ನುತ್ತದೆ. ಪೋಲರೈಸರ್ ಫಿಲ್ಟರ್ ತಿರುಗಿಸಲು ಹುಡ್‌ನೊಳಗೆ ಬೆರಳು ತೂರಿಸಬೇಕು, ಇಲ್ಲವೇ ಹುಡ್ ಕಳಚಬೇಕು.

ಬಳಕೆ

2005ರ ಇಒಎಸ್ 5ಡಿ ಕ್ಯಾಮೆರಾದ ತೂಕ 810 ಗ್ರಾಂ; ಅಂದರೆ ಮಸೂರವೇ ಕ್ಯಾಮೆರಾಕ್ಕಿಂತ ಭಾರ. ಭಾರವು ಮುಂದಕ್ಕೆ ವಾಲುವುದರಿಂದ ಎಡ ಅಂಗೈಯನ್ನು ಮಸೂರದ ಕೆಳಗೆ ಆಸರೆಯಾಗಿಟ್ಟು, ಬೆರಳುಗಳಿಂದ ಝೂಮ್ ಬಳೆಯನ್ನು ತಿರುಗಿಸುವುದು ಸರಿಯಾದ ಕ್ರಮ. ಸ್ವಯಂಚಾಲಿತ ಫೋಕಸ್ ಚಾಲನೆಯಲ್ಲಿದ್ದರೂ ಗುಂಡಿ ಬದಲಿಸದೆ ಫೋಕಸ್ ಬಳೆಯನ್ನು ಕೈಯಿಂದ ತಿದ್ದಬಹುದು. ಕಂಪನ ನಿವಾರಣೆ ಇಲ್ಲದ ಕಾರಣ ಮಂದ ಬೆಳಕಿನಲ್ಲಿ ಕೈ ಸ್ಥಿರವಾಗಿರಬೇಕು.

ಎರಡನೆಯ ಆವೃತ್ತಿಯು 805 ಗ್ರಾಂಗೆ ಇಳಿಯಿತು, ಫಿಲ್ಟರ್ 82 ಮಿ.ಮೀ.ಗೆ ಏರಿತು. ಹಳೆಯ ಫಿಲ್ಟರ್‌ಗಳಿದ್ದವರಿಗೆ ಇದು ಸಣ್ಣ ಖರ್ಚಲ್ಲ. ಹಿಮ್ಮುಖ ಝೂಮ್ ಕೈಬಿಟ್ಟಿದ್ದರಿಂದ ಹುಡ್ ಚಲಿಸುವ ತುದಿಗೆ ಬಂತು. ಹೆಗಲಿಗೆ ತೂಗುಹಾಕಿದಾಗ ಕೊಳವೆ ಜಾರಿ ಉದ್ದವಾಗದಂತೆ 24 ಮಿ.ಮೀ.ನಲ್ಲಿ ಬಿಗಿಯುವ ಕೀಲಿಯನ್ನೂ ಸೇರಿಸಲಾಯಿತು. ಮೊದಲ ಆವೃತ್ತಿಯಲ್ಲಿ ಅದಿರಲಿಲ್ಲ. ಕಂಪನ ನಿವಾರಣೆಯು 2019ರ ಆರ್‌ಎಫ್ 24–70 ಮಿ.ಮೀ. ಎಫ್/2.8 ಮಸೂರದಲ್ಲಿ ಬಂತು, ಆದರೆ ತೂಕ ಮತ್ತೆ 900 ಗ್ರಾಂ ಮುಟ್ಟಿತು.

ಮೊದಲ ಆವೃತ್ತಿ ಈಗ ಬಳಸಿದ ಸರಕಾಗಿ ಮಾತ್ರ ದೊರೆಯುತ್ತದೆ. ಕೊಳ್ಳುವಾಗ 24 ಮಿ.ಮೀ.ನಲ್ಲಿ ಮುಂಭಾಗವನ್ನು ಮೆಲ್ಲಗೆ ಅಲುಗಿಸಿ ನೋಡಬೇಕು. ಬಳಿಕ ಇಟ್ಟಿಗೆ ಗೋಡೆಯೊಂದಕ್ಕೆ ನೇರ ಎದುರಾಗಿ ನಿಂತು ಎಫ್/2.8ರಲ್ಲಿ ಚಿತ್ರ ತೆಗೆದು ನಾಲ್ಕೂ ಮೂಲೆಗಳನ್ನು ಹೋಲಿಸಬೇಕು. ಒಂದು ಬದಿ ಸ್ಪಷ್ಟವಾಗಿದ್ದು ಇನ್ನೊಂದು ಮಸುಕಾಗಿದ್ದರೆ ಒಳಗಿನ ಗಾಜು ವಾಲಿರುವ ಸಾಧ್ಯತೆಯಿದೆ.